ಕೊಟ್ಟಿಗೆ ಗೋಡೆಯ ಬುಡದ ಸೊಪ್ಪು

ಶಿಷ್ಯ ಮಹಾಲಿಂಗ ಗುರುಗಳ ಮುಂದೆ ಕುಳಿತು ಕೇಳಿದ: "ಗುರುಗಳೇ, ಮನೆಯಲ್ಲಿ ದಾಯಾದಿಗಳ ಜಗಳ ನಡೆದಿದೆ. ತಂಗಿಯ ಮದುವೆ ಆಗಬೇಕು. ಇದೆಲ್ಲ ಮುಗಿದ ಮೇಲೆ ಬಂದು ಮನಸ್ಸಿಟ್ಟು ಕಲಿಯುತ್ತೇನೆ. ಒಳ್ಳೆಯ ಕಾಲಕ್ಕಾಗಿ ಕಾಯುವುದರಲ್ಲಿ ತಪ್ಪೇನಿದೆ?"

ಗುರುಗಳು ತಪ್ಪು ಎನ್ನಲಿಲ್ಲ, ಸರಿ ಎನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಎತ್ತರದ ಬೆಟ್ಟದ ಮೇಲೆ ಒಂದು ಊರಿತ್ತು. ಚಳಿಗಾಲ ಬಂತೆಂದರೆ ದಾರಿಯ ಮೇಲೆ ಹಿಮ ಕಟ್ಟುತ್ತಿತ್ತು. ಕೆಳಗಿನಿಂದ ಸಾಮಾನು ಹೊತ್ತು ಬರುವ ಹೇಸರಗತ್ತೆಗಳು ನಿಲ್ಲುತ್ತಿದ್ದವು. ಜನ ಕೂಡಿಟ್ಟ ಧಾನ್ಯ, ಒಣಗಿದ ಕಾಳು ತಿಂದು ಬೇಸಗೆಯವರೆಗೆ ದಿನ ನೂಕುತ್ತಿದ್ದರು. ಅಷ್ಟರಲ್ಲಿ ಹಲವರ ಒಸಡಿನಿಂದ ರಕ್ತ ಒಸರುತ್ತಿತ್ತು. ಹಲ್ಲು ಅಲುಗಾಡುತ್ತಿದ್ದವು. ಹಾಸಿಗೆ ಹಿಡಿದ ಮುದುಕರಲ್ಲಿ ಕೆಲವರು ಮತ್ತೆ ಏಳುತ್ತಿರಲಿಲ್ಲ. ಬೆಟ್ಟದ ಮೇಲೆ ಹುಟ್ಟಿದವರಿಗೆ ಇದು ತಪ್ಪಿದ್ದಲ್ಲ ಎಂದು ಊರವರು ನಂಬಿದ್ದರು.

ಆ ಊರಿಗೆ ಬಯಲುಸೀಮೆಯ ಹೆಣ್ಣೊಬ್ಬಳು ಸೊಸೆಯಾಗಿ ಬಂದಳು. ಹೆಸರು ಹೊನ್ನವ್ವ. ಅತ್ತೆ ಅವಳನ್ನು ಮಗಳಂತೆ ಕಂಡಳು. ಮೊದಲ ಚಳಿಗಾಲದಲ್ಲೇ ಹೊನ್ನವ್ವ ಅತ್ತೆಯ ಬಾಯಲ್ಲಿ ರಕ್ತ ನೋಡಿದಳು. ತವರಿನಲ್ಲಿ ಇಂಥ ಕಾಯಿಲೆಯವರಿಗೆ ಹಸಿರು ಸೊಪ್ಪು ತಿನ್ನಿಸುತ್ತಿದ್ದರು. ಮುಂದಿನ ಚಳಿಗಾಲದಲ್ಲಿ ಈ ಮನೆಯಲ್ಲಿ ಸೊಪ್ಪು ಬೆಳೆದೇ ತೀರುತ್ತೇನೆ ಎಂದುಕೊಂಡಳು.

ತವರಿನಿಂದ ಮೆಂತ್ಯ, ಸಾಸಿವೆ, ಮೂಲಂಗಿ ಬೀಜ ತರಿಸಿದಳು. ತಗ್ಗಿನಲ್ಲಿ ಮಣ್ಣು ಮೃದುವಾಗಿತ್ತು. ಅಲ್ಲೇ ಬಿತ್ತಿದಳು. ಮೊಳಕೆ ಬಂತು. ಒಂದೇ ರಾತ್ರಿಯ ಹಿಮಕ್ಕೆ ಎಲ್ಲ ಕಪ್ಪಾಗಿ ಮಲಗಿತು. ಮರುವರ್ಷ ಸಸಿಗಳಿಗೆ ಹುಲ್ಲು ಹೊದಿಸಿದಳು. ಹುಲ್ಲಿನಡಿಯಲ್ಲೇ ಅವು ಕೊಳೆತುಹೋದವು. ಊರ ಗೌಡ ದಾರಿಯಲ್ಲಿ ನಿಂತು ನಕ್ಕ.

"ಬೀಜದ ಜೊತೆಗೆ ನಿನ್ನ ತವರಿನ ಬಿಸಿಲನ್ನೂ ಮೂಟೆ ಕಟ್ಟಿ ತರಬೇಕಿತ್ತಮ್ಮ."

ಅದೇ ವಾರ ಅತ್ತೆಯ ಮುಂದಿನ ಹಲ್ಲು ಬಿತ್ತು. ಅವಳು ಸೊಸೆಯನ್ನು ಹತ್ತಿರ ಕರೆದಳು. "ಸಾಕು ಬಿಡು ಮಗಳೇ. ಬೇಸಗೆ ಬರಲಿ, ಬೇಕಾದಷ್ಟು ಸೊಪ್ಪು ಚಿಗುರುತ್ತದೆ."

"ಬೇಸಗೆ ಬಂದೇ ಬರುತ್ತದೆ ಅತ್ತೆ. ಅಲ್ಲಿಯವರೆಗೆ ನೀವು ಉಳಿಯಬೇಕಲ್ಲ?"

ಹೊನ್ನವ್ವ ಹೊರಗೆ ಬಂದು ಅಂಗಳದಲ್ಲಿ ಅತ್ತಳು. ಕಣ್ಣೊರೆಸಿಕೊಂಡು ನೋಡಿದರೆ ಊರೆಲ್ಲ ಬೆಳ್ಳಗಿತ್ತು. ಕೊಟ್ಟಿಗೆಯ ಗೋಡೆಯ ಬುಡದಲ್ಲಿ ಮಾತ್ರ ಒಂದು ಪಟ್ಟಿ ಕಪ್ಪು ಮಣ್ಣು ಕಾಣುತ್ತಿತ್ತು. ಕೋಳಿಗಳೆಲ್ಲ ಅಲ್ಲೇ ಮುದುರಿ ಕುಳಿತಿದ್ದವು. ಅವಳು ಹೋಗಿ ಗೋಡೆ ಮುಟ್ಟಿದಳು. ಆ ಗೋಡೆ ದಕ್ಷಿಣಕ್ಕೆ ಮುಖ ಮಾಡಿತ್ತು. ಹಗಲೆಲ್ಲ ಬಿಸಿಲು ಕುಡಿದ ಕಲ್ಲು ಇನ್ನೂ ಬೆಚ್ಚಗಿತ್ತು. ಪಕ್ಕದ ಸಗಣಿ ರಾಶಿಯಿಂದ ಹಬೆ ಏಳುತ್ತಿತ್ತು.

ಅವಳು ಅಂದೇ ಗುದ್ದಲಿ ಹಿಡಿದಳು. ಗಂಡ ಏನೂ ಕೇಳದೆ ಬಂದು ಜೊತೆಗೆ ಅಗೆದ. ಗೋಡೆಯುದ್ದಕ್ಕೂ ಗುಂಡಿ ತೋಡಿ ಹಸಿ ಸಗಣಿ ತುಂಬಿದರು. ಮೇಲೆ ಮಣ್ಣು ಹರಡಿದರು. ಸಗಣಿಯ ಕಾವು ಹದಕ್ಕೆ ಬಂದ ಮೇಲೆ ಹೊನ್ನವ್ವ ಉಳಿದಿದ್ದ ಬೀಜವನ್ನೆಲ್ಲ ಬಿತ್ತಿದಳು. ಸಂಜೆಯಾದರೆ ಬಿದಿರಿನ ಗೂಟಗಳ ಮೇಲೆ ಚಾಪೆ ಹೊದಿಸುವಳು. ಬಿಸಿಲು ಬಿದ್ದೊಡನೆ ತೆಗೆಯುವಳು. ಮೊಳಕೆ ಬಂತು. ಹಿಮ ಬಿತ್ತು. ಮೊಳಕೆ ನಿಂತಿತು.

ಎಲೆ ಬಿಡುವ ಹೊತ್ತಿಗೆ ಹೊನ್ನವ್ವನಿಗೆ ಜ್ವರ ಬಂತು. ಗಂಡ ಸೌದೆಗೆ ಹೋಗಿದ್ದವನು ಇನ್ನೂ ಬಂದಿರಲಿಲ್ಲ. ಸಂಜೆ ಗಾಳಿ ಕೊರೆಯತೊಡಗಿತು. ಅವಳು ಏಳಲು ಹೋಗಿ ಬಿದ್ದಳು. ತೆವಳಿಕೊಂಡು ಬಾಗಿಲವರೆಗೆ ಬಂದಳು. ಹೊರಗೆ ಅತ್ತೆ ಕೊಟ್ಟಿಗೆಯ ಗೋಡೆ ಹಿಡಿದು ನಡೆಯುತ್ತ, ಒಂದೊಂದೇ ಚಾಪೆ ಎಳೆದು, ಗಾಳಿಗೆ ಹಾರದಂತೆ ಕಲ್ಲು ಹೇರುತ್ತಿದ್ದಳು. ಬೇಸಗೆ ಬರಲಿ ಎಂದಿದ್ದವಳೂ ಅವಳೇ.

ಚಳಿ ಕಡುವಾಗಿದ್ದ ತಿಂಗಳಲ್ಲಿ ಹೊನ್ನವ್ವ ಮೊದಲ ಮೆಂತ್ಯದ ಕಟ್ಟು ಕಿತ್ತಳು. ಬೇಯಿಸಿ ಮೆತ್ತಗೆ ಮಾಡಿ ಅತ್ತೆಗೆ ಉಣ್ಣಿಸಿದಳು. ದಿನವೂ ಉಣ್ಣಿಸಿದಳು. ಒಸಡಿನ ರಕ್ತ ನಿಂತಿತು. ತಿಂಗಳು ಕಳೆಯುವಷ್ಟರಲ್ಲಿ ಅತ್ತೆ ತಾನೇ ಅಂಗಳ ಗುಡಿಸಿದಳು. ನೆರೆಯವರು ಬೇಲಿಯಾಚೆ ನಿಂತು ನೋಡಿದರು. ಆಮೇಲೆ ಗೌಡನೇ ಬಂದ. ಅವನ ತಾಯಿ ಹಾಸಿಗೆ ಹಿಡಿದಿದ್ದಳು. ಹೊನ್ನವ್ವ ಅವನು ಕೇಳುವುದನ್ನು ಕಾಯದೆ ಮಡಿಲ ತುಂಬ ಸೊಪ್ಪು ಕಿತ್ತು ಕೊಟ್ಟಳು. ಒಂದು ಸಾಲನ್ನು ಮಾತ್ರ ಮುಟ್ಟದೆ ಬೀಜಕ್ಕೆ ಬಿಟ್ಟಳು.

ಮುಂದಿನ ಚಳಿಗಾಲದಲ್ಲಿ ಊರಿನ ಪ್ರತಿ ಮನೆಯ ಬಿಸಿಲುಗೋಡೆಯ ಬುಡದಲ್ಲೂ ಹಸಿರು ಎದ್ದಿತು. ಮಕ್ಕಳು ಹಿಮದಲ್ಲಿ ನಿಂತು ಮೂಲಂಗಿ ಕಚ್ಚಿ ತಿಂದರು. ಆ ವರ್ಷ ಒಬ್ಬ ಮುದುಕನೂ ಸಾಯಲಿಲ್ಲ. ದಾರಿ ತೆರೆದ ಕೂಡಲೇ ಮೇಲೆ ಬಂದ ಉಪ್ಪಿನ ವ್ಯಾಪಾರಿ, ದಾರಿ ತಪ್ಪಿ ಬೇರೆ ಊರಿಗೆ ಬಂದೆನೇ ಎಂದು ತಿರುವಿನಲ್ಲೇ ನಿಂತುಬಿಟ್ಟ. ಊರವರು ಕೇಕೆ ಹಾಕಿ ಅವನನ್ನು ಕರೆದರು. ಊಟಕ್ಕೆ ಕೂರಿಸಿ ಮೆಂತ್ಯದ ಪಲ್ಯ ಬಡಿಸಿದರು.

ಗುರುಗಳು ಕತೆ ನಿಲ್ಲಿಸಿದರು. ಮಹಾಲಿಂಗನ ಮುಖ ಅರಳಿತ್ತು.

"ಅಷ್ಟೊಂದು ಹಸಿರು ಬೆಳೆಯಬೇಕಾದರೆ, ಅಲ್ಲಿ ಈಗ ಹಿಮ ಕಡಿಮೆಯಾಗಿರಬೇಕಲ್ಲವೇ ಗುರುಗಳೇ?"

"ಈ ವರ್ಷ ಇನ್ನೂ ಹೆಚ್ಚು ಬಿದ್ದಿದೆ," ಎಂದರು ಗುರುಗಳು.