ಗೇಟು ಮುಚ್ಚಿಸಲು ಬಂದ ಅಧ್ಯಕ್ಷರು

ನನ್ನ ಮೀಸೆಯಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಕ್ರೀಡಾಂಗಣದ ಪಕ್ಕದ ಲೋಕಲ್ ರೈಲು ನಿಲ್ದಾಣದಲ್ಲಿ ಮೈಕು ಹಿಡಿದು ಕೂಗುವ ಗುಮಾಸ್ತ ನಾನು. ಆವತ್ತು ಫೈನಲ್ ಮುಗಿದು ಜನ ನುಗ್ಗಿದ್ದರು. ಪ್ಲಾಟ್‌ಫಾರ್ಮಿಗೆ ಇಳಿಯುವ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿಲ್ಲ. ಮಕ್ಕಳನ್ನು ಹೆಗಲಿಗೇರಿಸಿಕೊಂಡ ಅಪ್ಪಂದಿರೂ ಆ ನೂಕುನುಗ್ಗಲಲ್ಲೇ ಇದ್ದರು.

ಆಗಲೇ ಬಂದರು ಕ್ರೀಡಾಂಗಣ ಸಮಿತಿಯ ಅಧ್ಯಕ್ಷ ಗುರುಶಾಂತಯ್ಯನವರು, ಕೊರಳಲ್ಲಿ ಹಾರ, ಹಿಂದೆ ಹತ್ತು ಅತಿಥಿಗಳು. "ಏಯ್, ಪ್ಲಾಟ್‌ಫಾರ್ಮಿನ ಗೇಟು ಮುಚ್ಚಿಸು. ಮೊದಲು ನಮ್ಮವರು ಆರಾಮಾಗಿ ರೈಲು ಹತ್ತಲಿ."

"ಸ್ವಾಮಿ, ಮುಚ್ಚಿದರೆ ಹಿಂದಿನವರು ತಳ್ಳುತ್ತಾರೆ, ಮುಂದಿನವರು ಮೆಟ್ಟಿಲಲ್ಲೇ ಅಪ್ಪಚ್ಚಿ."

"ನನಗೇ ಬುದ್ಧಿ ಹೇಳ್ತೀಯಾ? ನಾಳೆ ನಿನ್ನ ಕೆಲಸ ಇರಲ್ಲ!"

ನಾನು ಕೈಮುಗಿದೆ. "ಆಗಲಿ ಸ್ವಾಮಿ. ಆದರೆ ಗೇಟು ಮುಚ್ಚುವ ಮುಂಚೆ ಯಾರ ಅಪ್ಪಣೆ ಅಂತ ಕೂಗಿ ಹೇಳೋದು ನಮ್ಮಲ್ಲಿ ಪದ್ಧತಿ." ಮೈಕು ಎತ್ತಿಕೊಂಡೆ.

"ಪ್ರಯಾಣಿಕರೇ, ದಯವಿಟ್ಟು ಗಮನಿಸಿ! ಶ್ರೀ ಗುರುಶಾಂತಯ್ಯನವರ ಅಪ್ಪಣೆಯಂತೆ ಗೇಟು ಮುಚ್ಚಲಾಗುವುದು. ಅವರು ಇಲ್ಲೇ ಗಡಿಯಾರದ ಕೆಳಗೆ, ಮಲ್ಲಿಗೆ ಹಾರ ಹಾಕಿಕೊಂಡು ನಿಂತಿದ್ದಾರೆ. ದೂರು ಇದ್ದವರು ನೇರವಾಗಿ ಅವರನ್ನೇ..."

ನಲವತ್ತು ಸಾವಿರ ಜನ ಒಟ್ಟಿಗೆ ಇತ್ತ ತಿರುಗಿ ನೋಡಿದರು. ಅಧ್ಯಕ್ಷರು ಹಾರ ಕಿತ್ತು ಜೇಬಿಗೆ ತುರುಕಿದರು. "ನಿಲ್ಲಿಸಪ್ಪಾ, ನಿನ್ನ ದಮ್ಮಯ್ಯ! ಗೇಟು ತೆಗೆದೇ ಇರಲಿ!" ಅತಿಥಿಗಳನ್ನು ಎಳೆದುಕೊಂಡು ಹೋಗಿ ಸಾಲಿನ ಕೊನೆಯಲ್ಲಿ ನಿಂತರು.

ಜನ ಸಾವಕಾಶವಾಗಿ ಇಳಿದು ರೈಲು ಹತ್ತಿದರು. ಯಾರಿಗೂ ಒಂದು ಗೀರೂ ಆಗಲಿಲ್ಲ.

ಹಾಂ, ನಲವತ್ತು ಸಾವಿರ ಜನ ತಿರುಗಿ ನೋಡಿದರು ಅಂದೆನಲ್ಲ, ಅದೊಂದು ಮಾತ್ರ ನಾನು ಸೇರಿಸಿದ್ದು. ಮೈಕು ಬೆಳಿಗ್ಗೆಯೇ ಕೆಟ್ಟಿತ್ತು. ಆ ಗದ್ದಲದಲ್ಲಿ ನನ್ನ ಕೂಗು ಕೇಳಿಸಿದ್ದು ಅಧ್ಯಕ್ಷರೊಬ್ಬರಿಗೇ.