ಗ್ರಹಣದ ಪುಟ

ಮಲಪ್ರಭೆಯ ದಂಡೆಯ ಮೇಲಿನ ಆಶ್ರಮದಲ್ಲಿ ವರ್ಷಕ್ಕೊಮ್ಮೆ ಪಂಚಾಂಗ ಬರೆಯುವ ಪದ್ಧತಿ. ಗುರು ಬಿಂದಾಚಾರ್ಯರ ಪಂಚಾಂಗವೆಂದರೆ ಆ ಸೀಮೆಗೇ ಒಂದು ಹೆಮ್ಮೆ. ಬೇರೆಯವರ ಲೆಕ್ಕವನ್ನು ಅದು ಎಂದೂ ಎರವಲು ತಂದದ್ದಲ್ಲ.

ಶಿಷ್ಯ ಶೇಷಗಿರಿ ಅವರ ಬಳಿ ಗಣಿತ ಕಲಿತು, ಆ ಗಣಿತವನ್ನೇ ಆಶ್ರಮದ ಕಂಪ್ಯೂಟರಿಗೆ ಕಲಿಸಿದ್ದ. ಪ್ರೋಗ್ರಾಂ ಅವನೇ ಬರೆದದ್ದು. ಅಂದಿನಿಂದ ಅವನು ಬಳಪ ಮುಟ್ಟಿರಲಿಲ್ಲ.

ಯುಗಾದಿ ಹತ್ತಿರ ಬಂದಿತ್ತು. ಪಂಚಾಂಗವೆಲ್ಲ ಅಚ್ಚಿಗೆ ಹೋಗಿ, ಚಂದ್ರಗ್ರಹಣದ ಪುಟವೊಂದು ಉಳಿದಿತ್ತು. ಅದನ್ನು ಒಯ್ಯಲು ಪ್ರೆಸ್ಸಿನ ಈರಣ್ಣ ಸಂಜೆ ಬರುವವನಿದ್ದ.

ಅಂಥ ದಿನವೇ ಶೇಷಗಿರಿಗೆ ಬುದ್ಧಿ ಕೆಟ್ಟಿತು. ‘ಹೊಸ ಆವೃತ್ತಿ ಸಿದ್ಧವಿದೆ’ ಎಂದು ಕಂಪ್ಯೂಟರು ದಿನಾ ಪೀಡಿಸುತ್ತಿತ್ತು. ನಮ್ಮ ಆಶ್ರಮವೇನು ಯಾರಿಗೆ ಕಡಿಮೆ ಎಂದುಕೊಂಡು ಒತ್ತಿಯೇ ಬಿಟ್ಟ.

‘ಕಾಯಿರಿ’ ಎಂದಿತು. ಕಾದ. ತಾನೇ ಮುಚ್ಚಿಕೊಂಡು ತಾನೇ ತೆರೆದುಕೊಂಡು, ಮತ್ತೆ ‘ಕಾಯಿರಿ’ ಎಂದಿತು. ಕೊನೆಗೆ ಹೊಸ ಮೋರೆ ತೋರಿಸಿ, ಸ್ವಾಗತ ಹೇಳಿ, ನೀನು ಯಾರು ಎಂದು ಅವನನ್ನೇ ಕೇಳಿತು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ತನ್ನ ಪ್ರೋಗ್ರಾಂ ತೆರೆಯಹೋದರೆ, ‘ಇದು ಈ ಆವೃತ್ತಿಯಲ್ಲಿ ನಡೆಯುವುದಿಲ್ಲ’ ಎಂದಿತು. ಹಳೆಯದಕ್ಕೆ ಮರಳುವ ದಾರಿಯೂ ಅವನಿಗೆ ಸಿಗಲಿಲ್ಲ.

ಗುರುಗಳು ನದಿಯಲ್ಲಿ ಸ್ನಾನ ಮುಗಿಸಿ ಬಂದಾಗ ಅವನು ತಲೆಯ ಮೇಲೆ ಕೈಹೊತ್ತು ಕೂತಿದ್ದ.

“ಏನಾತೋ? ಕಂಪ್ಯೂಟರ್ ಕೆಟ್ಟತೇನು?”

“ಇಲ್ರಿ ಗುರುಗಳ. ಹೊಸಾದಾತು.”

“ಮತ್ತ ಮಾರಿ ಯಾಕ ಸಣ್ಣದು ಮಾಡಿ?”

“ನನ್ನ ಪ್ರೋಗ್ರಾಂ ಅದರಾಗ ನಡೀವಲ್ದು. ಇನ್ನ ಗ್ರಹಣ ತಗಿಯೂದು ಹ್ಯಾಂಗ್ರಿ?”

ಗುರುಗಳು ಧೋತರ ಹಿಂಡಿ ಹಗ್ಗಕ್ಕೆ ಹಾಕಿದರು.

“ಮೊಬೈಲಿನಾಗ ವ್ಯಾಳ್ಯಾ ಸಿಗ್ತದರಿ,” ಎಂದ ಶೇಷಗಿರಿ ಮೆಲ್ಲಗೆ. “ನೋಡಿ ಬರದ್ರ ಯಾರಿಗೂ ತಿಳಿಯೂದಿಲ್ಲ.”

“ನಿನಗ ತಿಳೀತದಲ್ಲ?”

ಶೇಷಗಿರಿಗೆ ನಾಚಿಕೆಯಾಯಿತು. ಗುರುಗಳು ಒಳಗಿನಿಂದ ಪಾಟಿ, ಬಳಪ ತಂದು ಕೀಲಿಮಣೆಯ ಮೇಲೆಯೇ ಇಟ್ಟರು.

“ಮರತೀನ್ರಿ ಗುರುಗಳ.”

“ಆ ಡಬ್ಬಿಗೆ ಕಲಿಸಿದವರ್ಯಾರು?”

“ನಾನರಿ.”

“ಕಲಸ್ಲಿಕ್ಕೆ ಬಂದಾಂವಗ ಮಾಡ್ಲಿಕ್ಕೆ ಬರೂದಿಲ್ಲೇನು? ಕೂಡು.”

ಕೂತ. ಚಂದ್ರನ ಗತಿ ತಪ್ಪಿತು. ಗುರುಗಳು ಅಂಗೈಯಿಂದ ಒರೆಸಿದರು. ರಾಹುವಿನ ಸ್ಥಾನ ತಪ್ಪಿತು. ಮತ್ತೆ ಒರೆಸಿದರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು ಅನಿಸಿತು ಶೇಷಗಿರಿಗೆ.

ಮುಂದಿನ ಸಲ ತಪ್ಪು ಅವನ ಕಣ್ಣಿಗೇ ಬಿತ್ತು. ಗುರುಗಳ ಕೈ ಬರುವ ಮೊದಲೇ ತಾನೇ ಒರೆಸಿದ.

ಗುರುಗಳು ಎದ್ದು ಹೊರಗೆ ಹೋದರು. ತಿರುಗಿ ನೋಡಲೂ ಇಲ್ಲ.

ಮಧ್ಯಾಹ್ನದ ಊಟಕ್ಕೆ ಶೇಷಗಿರಿ ಏಳಲಿಲ್ಲ. ಹೊತ್ತು ಇಳಿಯುವಾಗ ಗ್ರಹಣ ಹಿಡಿಯುವ ವೇಳೆಯೂ ಬಿಡುವ ವೇಳೆಯೂ ಪಾಟಿಯ ಮೇಲಿದ್ದವು. ಅವನ ಎದೆ ಉಬ್ಬಿತ್ತು. ಕಂಪ್ಯೂಟರು ಎಷ್ಟು ಗ್ರಹಣ ತೆಗೆದಾಗಲೂ ಅವನಿಗೆ ಹೀಗಾಗಿರಲಿಲ್ಲ.

ಅಷ್ಟರಲ್ಲಿ ಈರಣ್ಣ ಬಂದ. ಗುರುಗಳು ಪಾಟಿಯ ಮೇಲೆ ಬೆರಳಾಡಿಸುತ್ತ ಎಲ್ಲವನ್ನೂ ಮನಸ್ಸಿನಲ್ಲೇ ಒಮ್ಮೆ ಗುಣಿಸಿ ನೋಡಿ, “ಬರಕೋ” ಎಂದರು.

ಈರಣ್ಣ ಬರೆದುಕೊಂಡ. “ಪುಟದ ಕೆಳಗ ಗಣಿತ ಯಾರದಂತ ಹಾಕ್ಲಿರಿ ಆಚಾರ್ರ? ನಿಮ್ಮ ಹೆಸರು ಹಾಕಲೇನ್ರಿ?”

“ಶೇಷಗಿರಿ ಆಚಾರ್ಯ ಅಂತ ಹಾಕು.”

ಗುರುಗಳ ಬಾಯಿಂದ ಆಚಾರ್ಯ ಎಂಬ ಮಾತು ಕೇಳಿ ಶೇಷಗಿರಿ ಗಾಬರಿಯಾದ.

“ಬ್ಯಾಡ್ರಿ ಗುರುಗಳ! ಲೆಕ್ಕ ತಪ್ಪಿದ್ರ ಊರೆಲ್ಲ ನಗ್ತದ. ನಿಮ್ಮ ಹೆಸರೇ ಇರ್ಲಿ.”

ಗುರುಗಳು ಪಾಟಿಯನ್ನು ಅವನ ಕೈಗೆ ಕೊಟ್ಟರು.

“ತಪ್ಪಿದ್ದಿದ್ರ ನನ್ನ ಹೆಸರೇ ಹಾಕಸ್ತಿದ್ದೆ.”