ಹಸಿರುರಿ ಗುಡ್ಡ

ಕಡೇಹಾಳದ ಪಡುವಣ ಅಂಚಿಗೆ ಒಂದು ಬೋಳುಗುಡ್ಡವಿದೆ. ಅದರ ನೆತ್ತಿಯಲ್ಲಿ ಬಂಡೆಯನ್ನೇ ಕೊರೆದು ಮಾಡಿದ, ಎರಡು ಮೊಳ ಅಗಲದ ಬೆಂಕಿಯ ಹೊಂಡ. ಈಚೆಗೆ ಯಾರೋ ಅಲ್ಲಿ ‘ಪವಾಡದ ಬೆಟ್ಟ’ ಎಂದು ಫಲಕ ನೆಟ್ಟು ಹೋಗಿದ್ದಾರೆ. ನೆಡುವ ಮುನ್ನ ಊರಿನವರನ್ನು ಒಂದು ಮಾತು ಕೇಳಲಿಲ್ಲ. ಇಲ್ಲಿ ಯಾವ ಪವಾಡವೂ ನಡೆದಿಲ್ಲ. ಪವಾಡವಲ್ಲ ಎಂದು ಒಬ್ಬ ಹೆಂಗಸು ದೇಸಾಯಿಯ ಮುಖಕ್ಕೇ ಹೇಳಿದ ಜಾಗವಿದು. ನಾನು ಕಂಚುಗಾರ ಓಣಿಯವನು, ಎಪ್ಪತ್ತಾರು ತುಂಬಿದವನು. ನನ್ನ ಬಾಯಲ್ಲಿ ಇದು ಹಸಿರುರಿ ಗುಡ್ಡವೇ.

ಹಿಂದೆ ಒಮ್ಮೆ, ದೇಸಾಯಿಗಳ ಕಾಲದಲ್ಲಿ, ಕಳವಿನ ತೀರ್ಪನ್ನು ಈ ಹೊಂಡದ ಬೆಂಕಿಯೇ ಕೊಡುತ್ತಿತ್ತು ಎನ್ನುತ್ತಾರೆ. ಆಪಾದಿತನು ಒದ್ದೆ ಹತ್ತಿಯನ್ನು ಅಂಗೈಗಳ ನಡುವೆ ಚೆನ್ನಾಗಿ ಉಜ್ಜಿ ಬೆಂಕಿಗೆ ಹಾಕಬೇಕು. ಉರಿ ಕೆಂಪಾಗಿಯೇ ಇದ್ದರೆ ಅವನು ನಿರಪರಾಧಿ, ಹಸಿರಾದರೆ ಕಳ್ಳ, ಗಡೀಪಾರು. ಒಕ್ಕಲಿಗರು, ನೇಕಾರರು, ಕುರುಬರು ಎಲ್ಲರೂ ಪಾರಾಗುತ್ತಿದ್ದರು. ಕಂಚುಗಾರರು ಹಾಕಿದಾಗ ಮಾತ್ರ ಉರಿ ತಪ್ಪದೆ ಹಸಿರಾಗುತ್ತಿತ್ತು. ಹಾಗೆ ಮಾನಪ್ಪನ ಮನೆಯೂ ಸೇರಿ ನಮ್ಮ ಓಣಿಯ ಮೂರು ಮನೆಯವರು ಮಕ್ಕಳು ಮರಿ ಕಟ್ಟಿಕೊಂಡು ಊರು ಬಿಟ್ಟರು. ಕಂಚುಗಾರರ ರಕ್ತದಲ್ಲೇ ಕಳವಿದೆ ಎಂದು ಉಳಿದವರು ನಂಬಿದರು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಗುಡಿಯ ಕಳಸ ಕಾಣೆಯಾದಾಗ ಸರದಿ ನಮ್ಮ ಓಣಿಯ ಈರಣ್ಣನದಾಯಿತು. ಅವನ ಹತ್ತಿಯೂ ಹಸಿರಾಗಿ ಉರಿಯಿತು. ಹೊತ್ತು ಮುಳುಗುವುದರೊಳಗೆ ಗಡಿ ದಾಟಬೇಕೆಂದು ದೇಸಾಯಿ ಅಪ್ಪಣೆ ಮಾಡಿದ. ಆಗ ಈರಣ್ಣನ ಹೆಂಡತಿ ಮೋನವ್ವ ಹುಣಿಸೆಹಣ್ಣು, ಉಪ್ಪು ಹಿಡಿದು ಗುಡ್ಡ ಹತ್ತಿ ಬಂದಳು. ಹಗಲೆಲ್ಲ ಕುಲುಮೆಯ ಮುಂದೆ ಕೂತು ತಾಮ್ರ ಕಾಯಿಸುವವಳು ಅವಳು. ಆ ಹಸಿರನ್ನು ಎಷ್ಟು ಸಲ ಕಂಡಿದ್ದಳೋ ಲೆಕ್ಕವಿಲ್ಲ.

“ಧಣೇರ, ನಿಮ್ಮ ಪೂಜಿ ತಂಬಿಗಿ ತರಸ್ರಿ. ಈ ಹುಣಸಿಹಣ್ಣು, ಉಪ್ಪು ಹಚ್ಚಿ ನೀವ ತಿಕ್ರಿ. ಆಮ್ಯಾಲ ಹತ್ತಿ ಉಜ್ಜಿ ಬೆಂಕಿಗೆ ಹಾಕ್ರಿ,” ಎಂದಳು.

“ನನಗ ಪರೀಕ್ಷಾ ಮಾಡ್ತೀಯೇನ?” ಎಂದು ದೇಸಾಯಿ ಗುಡುಗಿದ.

“ನಿಮ್ಮ ಕೈ ಸುದ್ದ ಐತಿ ಅಂದಮ್ಯಾಲ ಅಂಜಿಕಿ ಯಾಕ್ರಿ?”

ಊರೇ ನೋಡುತ್ತಿತ್ತು. ಹಿಂದೆ ಸರಿದರೆ ಮಾನ ಹೋಗುತ್ತಿತ್ತು. ದೇಸಾಯಿ ತಾಮ್ರದ ತಂಬಿಗೆಯನ್ನು ತಿಕ್ಕಿ, ಅದೇ ಕೈಯಲ್ಲಿ ಹತ್ತಿ ಉಜ್ಜಿ ಹಾಕಿದ. ಉರಿ ಗಿಳಿಯ ರೆಕ್ಕೆಯಷ್ಟು ಹಸಿರಾಗಿ ಎದ್ದಿತು.

“ಬೆಂಕಿಗೆ ಖರೇ ಸುಳ್ಳು ತಿಳಿಯಂಗಿಲ್ರಿ,” ಎಂದಳು ಮೋನವ್ವ. “ಉಪ್ಪು ಬಿದ್ರ ಹಳದಿ ಆಗತೈತಿ, ತಾಮ್ರ ಬಿದ್ರ ಹಸಿರಾಗತೈತಿ. ನಮ್ಮ ಕೈಯಾಗ ಇರೂದು ಕಳವಲ್ಲ, ಕಸಬು. ಅಲ್ಲ ಅಂತೀರಂದ್ರ, ನಡೀರಿ, ನೀವೂ ಗಡಿ ದಾಟ್ರಿ.”

ದೇಸಾಯಿ ತಲೆ ತಗ್ಗಿಸಿ ಈರಣ್ಣನನ್ನು ಬಿಟ್ಟ. ಮೋನವ್ವ ಮಾತ್ರ ಗುಡ್ಡ ಇಳಿಯಲೊಲ್ಲಳು. ಹೋದ ಮೂರು ಮನೆಯವರನ್ನೂ ಕರೆಸಬೇಕು ಎಂದು ಅಲ್ಲೇ ಕೂತಳು. ದೇಸಾಯಿ ಒಪ್ಪಿದ, ಆದರೆ ಅವರು ಎಲ್ಲಿದ್ದಾರೆಂದು ಯಾರಿಗೂ ತಿಳಿಯದು. ಅಂದಿನಿಂದ ದಿನವೂ ಸಂಜೆ ಅವಳು ಆ ಹೊಂಡದಲ್ಲಿ ಹಸಿರು ಉರಿ ಎಬ್ಬಿಸತೊಡಗಿದಳು. ದಿನಕ್ಕೊಬ್ಬ ಕಳ್ಳನೇ ಎಂದು ದಾರಿಹೋಕರು ಬೆರಗಾಗಿ ವಿಚಾರಿಸಿದರು, ಮೂರು ಮನೆಯವರಿಗೆ ಮರಳಿ ಕರೆಯಿದೆ ಎಂದು ಕೇಳಿದ್ದನ್ನು ಊರೂರಿಗೆ ಒಯ್ದರು. ವರ್ಷ ತುಂಬುವುದರೊಳಗೆ ಎರಡು ಮನೆಯವರು ತಲೆಯೆತ್ತಿಕೊಂಡು ಹಗಲು ಹೊತ್ತಿನಲ್ಲೇ ಊರು ಹೊಕ್ಕರು ಎನ್ನುತ್ತಾರೆ.

ಈಗಲೂ ಬಂದವರು ನಮ್ಮ ಓಣಿಯಲ್ಲಿ ಒಂದು ಖಾಲಿ ನಿವೇಶನ ನೋಡಬಹುದು. ಕೊಳ್ಳಲು ಎಷ್ಟೋ ಜನ ಬಂದರು, ನಾವು ಕೊಟ್ಟಿಲ್ಲ. ಸಂಜೆ ಗುಡ್ಡದ ಮೇಲೆ ನಾವು ಎಬ್ಬಿಸುವ ಹಸಿರು ಉರಿ ಕಂಡು, ಇದೇನು ಹಬ್ಬವೇ ಎಂದು ಕೇಳುತ್ತಾರೆ. ಹಬ್ಬವಲ್ಲ. ಮಾನಪ್ಪನ ಮನೆಯವರು ಇನ್ನೂ ಬಂದಿಲ್ಲ.